ನಾಲ್ಕು ಹಾಲುಹಲ್ಲು

ನನ್ನ ಮಗಳು ಬಿಂದುಶ್ರೀಗೆ ನಾಲ್ಕು ವರ್ಷ ತುಂಬಿ ಎರಡು ತಿಂಗಳಾಗಿತ್ತು. ಸಂಕ್ರಾಂತಿ ಕಳೆದ ಹದಿಮೂರನೆಯ ದಿನ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಅವಳ ಮೇಲುಸಾಲಿನ ನಾಲ್ಕು ಮುಂದಿನ ಹಲ್ಲು ಕಿತ್ತರು. ಆ ಹೊತ್ತಿನಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಡಿದಿದ್ದವಳು ನಾನಲ್ಲ. ನನ್ನ ಗಂಡನ ಅಕ್ಕ ಮಂಗಳಗೌರಿ. ನಾನು ಹೊರಗೆ ವೆರಾಂಡದಲ್ಲಿ ಗೋಡೆಗೆ ಒರಗಿ ನಿಂತಿದ್ದೆ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕಥೆ ಹೇಳುತ್ತಾ ಹೇಳುತ್ತಾ ನಾನು ಇದನ್ನು ದಾಟಿಕೊಂಡು ಹೋಗಿಬಿಡುತ್ತೇನೆ. ಮೂರು ವರ್ಷ ಹಾಗೇ ಮಾಡಿದ್ದೇನೆ.

ನಾವು ಆಗ ನರಸೀಪುರದಲ್ಲಿ ನನ್ನ ಮಾವನವರು ಕಟ್ಟಿಸಿದ ಮನೆಯಲ್ಲಿದ್ದೆವು. ಅತ್ತೆ, ಮಾವ ಇಬ್ಬರೂ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ನನಗೂ ನನ್ನ ಗಂಡ ಮಲ್ಲಿಕಾರ್ಜುನ್‌ಗೂ ಕೆಲಸ ನಂಜನಗೂಡಿನಲ್ಲಿ. ಅವರು ಗೋದಾಮೊಂದರಲ್ಲಿ ಸೂಪರ್‌ವೈಸರ್, ನಾನು ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ. ಬೆಳಿಗ್ಗೆ ಆರೂಮುಕ್ಕಾಲರ ಬಸ್ಸು ಹಿಡಿದರೆ ಮತ್ತೆ ಮನೆ ಸೇರುವುದು ಸಂಜೆ ಏಳರ ಮೇಲೆ. ಅಷ್ಟು ಹೊತ್ತೂ ಬಿಂದು ಅಕ್ಕನ ಜೊತೆ.

ಅಕ್ಕನಿಗೆ ಮಕ್ಕಳಾಗಿರಲಿಲ್ಲ. ಗಂಡ ತೀರಿಕೊಂಡಾಗ ಅವರಿಗೆ ಮೂವತ್ತೊಂದು. ಸೋಸಲೆಯ ಗಂಡನ ಮನೆಯಿಂದ ಒಂದು ಟ್ರಂಕು, ಒಂದು ಹೊಲಿಗೆ ಮೆಷಿನ್ನು, ಗೋಣಿಚೀಲದ ತುಂಬ ಮರದ ಅಚ್ಚುಗಳನ್ನು ತಂದು ತಮ್ಮನ ಮನೆಗೆ ಬಂದಿದ್ದರು. ಗಿಳಿ, ಆನೆ, ಮೀನು, ಬಸವಣ್ಣ, ತೇಗದ ಮರದಲ್ಲಿ ಕೆತ್ತಿದ ಅಚ್ಚುಗಳು. ಅವರ ಅತ್ತೆಯಿಂದ ಬಂದದ್ದಂತೆ. ವರ್ಷವೆಲ್ಲ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದ ಅಕ್ಕ, ಧನುರ್ಮಾಸ ಬಂತೆಂದರೆ ಮೆಷಿನ್ನಿಗೆ ಬಟ್ಟೆ ಹೊದಿಸಿ ಸಕ್ಕರೆ ಅಚ್ಚು ಹಾಕಲು ಕೂರುತ್ತಿದ್ದರು. ಸಕ್ಕರೆ ಪಾಕಕ್ಕೆ ಹಾಲು ಬಿಟ್ಟು, ಮೇಲೆ ಬಂದ ಕೊಳೆ ತೆಗೆದು, ತೆಳು ಬಟ್ಟೆಯಲ್ಲಿ ಸೋಸಿ, ಸಣ್ಣ ಪಾತ್ರೆಯಲ್ಲಿ ಸೌಟಿನಷ್ಟೇ ಪಾಕ ಹಾಕಿ ಕಡ್ಡಿಯಲ್ಲಿ ತಿರುವುತ್ತಿದ್ದರು. ಪಾಕ ಬೆಳ್ಳಗಾಗುತ್ತಾ ಬಂದ ಆ ಒಂದು ಗಳಿಗೆಯಲ್ಲಿ ಅಚ್ಚಿಗೆ ಸುರಿಯಬೇಕು. ಮುಂಚೆ ಸುರಿದರೆ ಅಂಟುತ್ತದೆ, ತಡವಾದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಪೇಟೆಯ ಎರಡು ಅಂಗಡಿಗೂ ಸುತ್ತಮುತ್ತಲ ಹತ್ತಾರು ಮನೆಗೂ ನಮ್ಮ ಮನೆಯಿಂದಲೇ ಅಚ್ಚು ಹೋಗುತ್ತಿತ್ತು.

ಎಷ್ಟು ಹುಷಾರಾಗಿ ಬಿಡಿಸಿದರೂ ಗಿಳಿಯ ಕೊಕ್ಕೋ ಆನೆಯ ಸೊಂಡಿಲೋ ಮುರಿಯುತ್ತದೆ. ಮುಕ್ಕಾದದ್ದನ್ನು ಹಬ್ಬದ ತಟ್ಟೆಗೆ ಇಡುವ ಹಾಗಿಲ್ಲ. ಅವೆಲ್ಲ ಸ್ಟೀಲ್ ಡಬ್ಬಿ ಸೇರುತ್ತಿದ್ದವು. ಆ ಡಬ್ಬಿ ಬಿಂದುವಿನದು.

ಅವಳು ಅತ್ತರೆ ಗಿಳಿಯ ತಲೆ. ಊಟಕ್ಕೆ ಹಟ ಮಾಡಿದರೆ ಆನೆಯ ಕಾಲು. ಮಧ್ಯಾಹ್ನ ಮಲಗುವಾಗ ಒಂದು ಚೂರನ್ನು ಕೆನ್ನೆಯೊಳಗೆ ಇಟ್ಟುಕೊಂಡು, ಅದು ಕರಗುತ್ತಾ ಕರಗುತ್ತಾ ನಿದ್ದೆ ಹೋಗುತ್ತಿದ್ದಳು. ನಾನು ಕೆಲಸದಿಂದ ಬರುವ ಹೊತ್ತಿಗೆ ಎಷ್ಟೋ ಸಲ ಅವಳಾಗಲೇ ಮಲಗಿರುತ್ತಿದ್ದಳು. ತುಟಿ ಅಂಟಂಟು. ಎಬ್ಬಿಸಿ ಬಾಯಿ ತೊಳೆಸಬೇಕು ಅನ್ನಿಸುತ್ತಿತ್ತು. ಎಬ್ಬಿಸಿದರೆ ಒಂದು ಗಂಟೆ ಅಳು. ನನಗೆ ಆಯಾಸ. ನಾಳೆ ನೋಡೋಣ ಎಂದು ನಾನೂ ಪಕ್ಕದಲ್ಲಿ ಉರುಳಿಕೊಳ್ಳುತ್ತಿದ್ದೆ.

ಅವಳ ಮೇಲಿನ ಹಲ್ಲಿನ ಬುಡದಲ್ಲಿ ಸುಣ್ಣದ ಗೆರೆಯಂತೆ ಬಿಳಿ ಕಂಡದ್ದನ್ನು ನಾನು ನೋಡಿದ್ದೆ. ಅದು ಕಂದಾದದ್ದನ್ನೂ ನೋಡಿದ್ದೆ. ಹೆಡತಲೆ ಎಂಬ ಊರಿನಲ್ಲಿರುವ ನನ್ನ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಆಲಲ್ಲು ಕಣೆ, ಎಂಗಿದ್ರೂ ಬಿದ್ದೋಯ್ತವೆ. ಅದಕ್ಯಾಕೆ ಡಾಕ್ಟ್ರು?" ಅಂದಿದ್ದಳು. ನನಗೂ ಆ ಮಾತೇ ಬೇಕಾಗಿತ್ತು.

ಆ ವರ್ಷದ ಸಂಕ್ರಾಂತಿಗೆ ಬಿಂದುವಿಗೆ ಹಸಿರು ರೇಷ್ಮೆ ಲಂಗ ಹೊಲಿಸಿದ್ದೆವು. ಮರದ ಹಲಗೆಯ ಮೇಲೆ ಕೂರಿಸಿ, ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಬೆರೆಸಿ ತಲೆಯ ಮೇಲೆ ಎರೆದೆವು. ಬೀದಿಯ ಮಕ್ಕಳು ಕಾಸಿಗೆ ಮುಗಿಬಿದ್ದರು. ಬಿಂದು ಮಾತ್ರ ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಅದು ನಾಚಿಕೆ ಎಂದುಕೊಂಡು ನಾವೆಲ್ಲ ನಕ್ಕೆವು. ಸಂಜೆ ಅವಳು ಅಕ್ಕನ ಕೈ ಹಿಡಿದು ಮನೆಮನೆಗೆ ಎಳ್ಳು ಬೀರಿ ಬಂದಳು. ಕೊಟ್ಟದ್ದಕ್ಕಿಂತ ತಂದದ್ದೇ ಹೆಚ್ಚು. ಎಲ್ಲರ ಮನೆಯ ಅಚ್ಚೂ ಡಬ್ಬಿಗೆ ಬಿತ್ತು.

ಏಳು ದಿನ ಕಳೆದ ಮೇಲೆ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಕಾರ್ಖಾನೆಗೆ ಅಕ್ಕನ ಫೋನು ಬಂತು.

"ನಯನ, ಮಗೀಗೆ ಮೂತಿ ಊದ್ಕೊಬುಟ್ಟದೆ ಕಣವ್ವ. ಒಂದು ಕಣ್ಣೂ ಅರ್ಧ ಮುಚ್ಕೊಂಡದೆ. ಮೈ ಕೆಂಡ ಆಗದೆ. ಬಿರ್ರನೆ ಬಾ."

ನಾನು ಮನೆ ತಲುಪುವ ಹೊತ್ತಿಗೆ ಅಕ್ಕ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಬಿಂದುವಿನ ಮೇಲ್ದುಟಿ ಮೂಗಿನವರೆಗೆ ಉಬ್ಬಿ, ಎಡಗೆನ್ನೆ ಕೆಂಪಗೆ ಬಿಗಿದುಕೊಂಡಿತ್ತು. ನಾನು ಕೈ ಚಾಚಿದೆ. ಅವಳು ಅಕ್ಕನ ಕುತ್ತಿಗೆ ಬಿಡಲಿಲ್ಲ.

ಮೈಸೂರಿನಲ್ಲಿ ನೋಡಿದವರು ಸಂಘಮಿತ್ರಾ ಎಂಬ ಹಲ್ಲಿನ ಡಾಕ್ಟರು. ವಯಸ್ಸು ಮೂವತ್ತರ ಒಳಗೇ. ಹಲ್ಲಿನ ಬೇರಿನಲ್ಲಿ ಕೀವಾಗಿ ಮೇಲಕ್ಕೆ ಹತ್ತಿದೆ, ಮೊದಲು ಬಾವು ಇಳಿಯಲಿ ಎಂದು ಔಷಧಿ ಕೊಟ್ಟು, ಆರನೆಯ ದಿನ ಬರಲು ಹೇಳಿದರು. ಆ ಐದು ದಿನವೂ ನಾನು ಕೆಲಸಕ್ಕೆ ರಜೆ ಹಾಕಿದ್ದೆ. ಆದರೂ ಗಂಜಿ ಕುಡಿಸಿದ್ದು, ಔಷಧಿ ನುಂಗಿಸಿದ್ದು ಅಕ್ಕನೇ. ನನ್ನ ಕೈಯಿಂದ ಅವಳು ನುಂಗುತ್ತಿರಲಿಲ್ಲ.

ಆರನೆಯ ದಿನ ಡಾಕ್ಟರು ಮಗುವಿನ ಜೊತೆ ಅಕ್ಕನನ್ನೂ ನನ್ನನ್ನೂ ಒಳಗೆ ಕರೆದರು. ನನ್ನ ಗಂಡ ಕೆಳಗೆ ಚೀಟಿ ಮಾಡಿಸಲು ಹೋಗಿದ್ದರು.

"ಮರಗಟ್ಟೋಕೆ ಇಂಜೆಕ್ಷನ್ ಕೊಡ್ತೀನಿ. ಅಷ್ಟೊಂದು ನೋವಾಗಲ್ಲ, ಆದ್ರೆ ಮಗು ಹೆದರ್ಕೊಳ್ಳುತ್ತೆ. ತಲೆ ಅಲ್ಲಾಡಿಸಿದ್ರೆ ಕಷ್ಟ. ತಾಯಿ ಚೇರ್ ಮೇಲೆ ಕೂತ್ಕೊಂಡು ಮಗೂನ ತೊಡೆ ಮೇಲೆ ಇಟ್ಕೊಳ್ಳಿ. ಎರಡೂ ಕೈ ಗಟ್ಟಿಯಾಗಿ ಹಿಡ್ಕೋಬೇಕು" ಅಂದರು.

ನಾನು ಕುರ್ಚಿಯ ಹತ್ತಿರ ಹೋದೆ. ತಟ್ಟೆಯಲ್ಲಿದ್ದ ಇಕ್ಕಳ ಕಂಡಿತು. ಹಿಂದಕ್ಕೆ ಸರಿದೆ. "ನನ್ ಕೈಲಿ ಆಗಲ್ಲ" ಅಂದೆ. ಡಾಕ್ಟರು ಏನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ಅಕ್ಕ ನನ್ನ ಭುಜ ಮುಟ್ಟಿದರು. "ನೀ ಓಗವ್ವ ಆಚೆಗೆ, ನಾ ಕೂತ್ಕತೀನಿ."

ನಾನು ಹೋದೆ.

ವೆರಾಂಡಕ್ಕೆ ಎಲ್ಲ ಕೇಳಿಸುತ್ತಿತ್ತು. ಮೊದಲು ಬರೀ ಅಳು. ಆಮೇಲೆ ಮಾತು. "ಅತ್ತೆ ಬುಡು. ಅತ್ತೆ, ಕೈ ಬುಡು ಅತ್ತೆ." ಅವಳು ಒಂದು ಸಲವೂ ಅಮ್ಮಾ ಎಂದು ಕೂಗಲಿಲ್ಲ. ಅಕ್ಕನ ದನಿಯೂ ಕೇಳಿಸುತ್ತಿತ್ತು, "ಆಯ್ತು ನನ್ ಕಂದ, ಇನ್ನೊಂದೇ ಕಣ, ಇನ್ನೊಂದೇ." ನಾಲ್ಕು ಸಲ ಇನ್ನೊಂದೇ ಅಂದರು. ಬಾಗಿಲು ತೆರೆದಾಗ ಅಕ್ಕನ ರವಿಕೆಯ ಬೆನ್ನು ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು. ಬಿಂದುವಿನ ಬಾಯಲ್ಲಿ ಹತ್ತಿ. ಅವಳು ನನ್ನನ್ನು ಕಂಡದ್ದೇ ಎರಡೂ ಕೈ ಚಾಚಿ ನನ್ನ ಮೇಲೆ ಬಿದ್ದಳು.

ಆಮೇಲೆ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಮಾತಾಡಿದರು. ಅಕ್ಕ ಶಾಲೆಯ ಹುಡುಗಿಯ ಹಾಗೆ ಮಡಿಲಲ್ಲಿ ಕೈ ಕಟ್ಟಿಕೊಂಡು ಕೇಳುತ್ತಿದ್ದರು.

"ಇನ್ಮೇಲೆ ಅಬ್ಬಕ್ಕೂ ಸಿಹಿ ಕೊಡಬಾರದಾ ಡಾಕ್ಟ್ರಮ್ಮ?"

"ಹಬ್ಬಕ್ಕೆ ಕೊಡದೇ ಇರೋಕೆ ಆಗುತ್ತಾ? ಕೊಡಿ. ಎಷ್ಟು ತಿಂದ್ರು ಅನ್ನೋದಕ್ಕಿಂತ ಎಷ್ಟು ಸಲ ತಿಂದ್ರು, ಬಾಯಲ್ಲಿ ಎಷ್ಟು ಹೊತ್ತು ಇತ್ತು ಅನ್ನೋದು ಮುಖ್ಯ. ಊಟ ಆದ ತಕ್ಷಣ ಒಂದು ಅಚ್ಚು ತಿಂದು ಮುಗಿಸ್ಲಿ, ನೀರು ಹಾಕಿ ಬಾಯಿ ಮುಕ್ಕಳಿಸ್ಲಿ. ದಿನವೆಲ್ಲ ಚೂರುಚೂರು ಚೀಪಿದ್ರೆ ದಿನವೆಲ್ಲ ಹಲ್ಲು ಸಕ್ಕರೇಲಿ ನೆನೆದ ಹಾಗೆ. ಬಾಯಲ್ಲಿಟ್ಕೊಂಡು ಮಲಗೋದಂತೂ ಬೇಡವೇ ಬೇಡ. ಮಲಗೋ ಮುಂಚೆ ಬ್ರಷ್, ಅದೂ ದೊಡ್ಡವರು ಉಜ್ಜಬೇಕು. ಏಳೆಂಟು ವರ್ಷದ ತನಕ ಮಕ್ಕಳಿಗೆ ಸರಿಯಾಗಿ ಉಜ್ಜೋಕೆ ಬರಲ್ಲ." ಹೇಳಿ, ಕಾಗದದ ಮೇಲೆ ಏನೋ ಬರೆಯುತ್ತಾ ಕೇಳಿದರು, "ಇಷ್ಟು ದಿನ ಯಾರು ಉಜ್ಜಿಸ್ತಿದ್ರಿ?"

ಅವರು ಯಾರ ಮೇಲೂ ತಪ್ಪು ಹೊರಿಸಲು ಕೇಳಿದ್ದಲ್ಲ. ಬರೀ ತಿಳಿದುಕೊಳ್ಳಲು ಕೇಳಿದ್ದು. ಅಷ್ಟರಲ್ಲಿ ನಾನು ಹೇಳಿಬಿಟ್ಟೆ.

"ಮಗು ಹಗಲೆಲ್ಲ ಅವ್ರ ಹತ್ರಾನೇ ಇರೋದು ಡಾಕ್ಟ್ರೇ."

ಅಕ್ಕ ನನ್ನ ಕಡೆ ನೋಡಲಿಲ್ಲ. "ಊಂ, ನಂದೇ ತಪ್ಪು" ಅಂದರು.

ವಾಪಸು ಬರುವ ಬಸ್ಸಿನಲ್ಲಿ ಬಿಂದು ನನ್ನನ್ನು ಅಪ್ಪಿಕೊಂಡು ಕೂತಳು. ಅಕ್ಕ ಪಕ್ಕದ ಸೀಟಿನಿಂದ ತಲೆ ಸವರಲು ಬಂದರೆ ಮುಖ ನನ್ನ ಸೆರಗಿನೊಳಗೆ ಹುದುಗಿಸಿದಳು. "ಅತ್ತೆ ಬೇಡ." ಹತ್ತಿ ಕಚ್ಚಿದ ಬಾಯಿಂದ ಆ ಮಾತು ಸರಿಯಾಗಿ ಹೊರಡಲೂ ಇಲ್ಲ. ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡರು.

ಆಗ ನನಗೆ ಸಂತೋಷವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಬಿದ್ದರೆ ಅತ್ತೆ, ಹಸಿದರೆ ಅತ್ತೆ, ನಿದ್ದೆಗಣ್ಣಲ್ಲೂ ಅತ್ತೆ ಅನ್ನುತ್ತಿದ್ದ ಮಗು ನನ್ನ ಎದೆಗೆ ಬಂದಿತ್ತು. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ಎರಡು ದಿನ ಬಿಟ್ಟು, ಬೆಳಿಗ್ಗೆ ನಾನು ಅವಳ ತಲೆ ಬಾಚುತ್ತಿದ್ದಾಗ ಬಿಂದು ಕೇಳಿದಳು, "ಅತ್ತೆ ಯಾಕಮ್ಮ ನನ್ನ ಹಿಡ್ಕೊಂಡಿದ್ದು?"

ಅಮ್ಮನಿಗೆ ಧೈರ್ಯ ಇರಲಿಲ್ಲ ಕಂದ, ಅದಕ್ಕೆ ಅತ್ತೆ ಹಿಡ್ಕೊಂಡ್ರು, ಅನ್ನಬಹುದಿತ್ತು. ನಾಲ್ಕು ವರ್ಷದ ಮಗುವಿಗೂ ಅರ್ಥವಾಗುವ ಮಾತು ಅದು. ನಾನು ಹೇಳಿದ್ದು ಬೇರೆ.

"ಅತ್ತೆ ಕೊಟ್ಟ ಸಕ್ಕರೆ ತಿಂದು ತಿಂದು ಹಲ್ಲು ಹುಳುಕಾಯ್ತಲ್ಲ, ಅದಕ್ಕೆ."

ಬಿಂದು ಅದನ್ನು ತನಗೆ ತಿಳಿದ ಹಾಗೆ ಜೋಡಿಸಿಕೊಂಡಳು. ಅತ್ತೆ ಸಕ್ಕರೆ ಕೊಡುತ್ತಾರೆ. ಆಮೇಲೆ ಹಿಡಿದುಕೊಳ್ಳುತ್ತಾರೆ. ಆಮೇಲೆ ಹಲ್ಲು ಕೀಳುತ್ತಾರೆ. ಅಡುಗೆಮನೆಯಲ್ಲಿದ್ದ ಅಕ್ಕನಿಗೆ ನಾನು ಹೇಳಿದ್ದು ಕೇಳಿಸಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ವಾರವೇ ಅಕ್ಕ ಡಬ್ಬಿಯಲ್ಲಿದ್ದದ್ದನ್ನೆಲ್ಲ ಬಕೆಟ್ಟಿನ ನೀರಿಗೆ ಸುರಿದು ಕರಗಿಸಿ ಬಚ್ಚಲಿಗೆ ಚೆಲ್ಲಿದರು. ಮರದ ಅಚ್ಚುಗಳನ್ನು ಪಕ್ಕದ ಬೀದಿಯ ರೋಜಾಗೆ ಕೊಟ್ಟುಬಿಟ್ಟರು. ಮುಂದಿನ ಮಾರ್ಗಶಿರದಲ್ಲಿ ಅಂಗಡಿಯವರು ಕೇಳಿಕೊಂಡು ಬಂದಾಗ, "ಕೈ ನೋವು ಸಾ, ಆಗಾಕಿಲ್ಲ" ಅಂದರಂತೆ. ಹಲ್ಲು ಕಿತ್ತ ವಾರವೇ ಅಕ್ಕ ತಾವೇ ಹೋಗಿ ಬಿಂದುವಿಗೆ ಮೊಲದ ಚಿತ್ರವಿದ್ದ ಸಣ್ಣ ಬ್ರಷ್ಷು ತಂದರು. ದಿನಾ ಸಂಜೆ ಬಾಗಿಲ ಮೆಟ್ಟಿಲ ಮೇಲೆ ಕೂತು ತಮ್ಮ ಹಲ್ಲು ಮೊದಲು ಉಜ್ಜಿ ತೋರಿಸುತ್ತಿದ್ದರು. ಬಿಂದು ದೂರದಿಂದ ನೋಡುತ್ತಿದ್ದಳು. ಹತ್ತಿರ ಕರೆದರೆ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ಬಾಯಿ ಮುಚ್ಚಿ ನಿಲ್ಲುತ್ತಿದ್ದಳು. ಒಂದು ಸಂಜೆ ಅಕ್ಕ ಬೆರಳಿಂದ ಅವಳ ಗಲ್ಲ ಎತ್ತಲು ಹೋದರು. ಬಿಂದು ಕಿರುಚಿದ ಕಿರುಚಿಗೆ ಎದುರು ಮನೆಯವರು ಈಚೆ ಬಂದರು. ಅಕ್ಕ ಬ್ರಷ್ಷನ್ನು ತೊಳೆದು ನನ್ನ ಕೈಗೆ ಕೊಟ್ಟರು.

"ನೀನೇ ಉಜ್ಜವ್ವ. ನಿನ್ ತಾವ ಉಜ್ಜಿಸ್ಕತಾಳೆ."

ಹಗಲು ಅವಳನ್ನು ಅಕ್ಕನ ಜೊತೆ ಬಿಡುವುದು ಕಷ್ಟವಾಯಿತು. ಬೆಳಿಗ್ಗೆ ನಾನು ಹೊರಟರೆ ಗೇಟು ಹಿಡಿದುಕೊಂಡು ಅಳುತ್ತಿದ್ದಳು. ಜೂನಿಗೆ ಹೇಗೂ ಶಾಲೆಗೆ ಸೇರಿಸಬೇಕಿತ್ತು. ನಂಜನಗೂಡಿನಲ್ಲೇ ಬಾಡಿಗೆ ಮನೆ ಹಿಡಿದೆವು. "ಅಕ್ಕ, ನೀವೂ ಬನ್ನಿ" ಎಂದು ನನ್ನ ಗಂಡ ಕರೆದರು. ನಾನೂ ಕರೆದೆ, ಆದರೆ ಒಂದೇ ಸಲ. ಅಕ್ಕ ಹೊಲಿಗೆ ಮೆಷಿನ್ನಿನ ಮೇಲೆ ಬಗ್ಗಿಕೊಂಡೇ, "ಇಲ್ಲಿ ಗಿರಾಕಿ ಅವ್ರೆ, ನಾ ಇಲ್ಲೇ ಇರ್ತೀನಿ ಬುಡು" ಅಂದರು.

ಮುಂದಿನ ಹಲ್ಲಿಲ್ಲದ ಬಿಂದುವನ್ನು ಶಾಲೆಯಲ್ಲಿ ಮಕ್ಕಳು ಬೊಕ್ಕಿ ಅಂದರು. 'ಸ' ಅನ್ನಲು ಹೋದರೆ ಗಾಳಿ ಹೊರಡುತ್ತಿತ್ತು. ಫೋಟೋ ತೆಗೆಯುವಾಗ ತುಟಿ ಬಿಗಿದುಕೊಳ್ಳುವುದು ಅಭ್ಯಾಸವಾಯಿತು. ಹಾಲುಹಲ್ಲು ತಾನೆ ಅಂದುಕೊಂಡಿದ್ದ ನನಗೆ, ಒಂದು ಮಗು ಮೂರು ವರ್ಷ ನಗದೆ ಇರುವುದು ಅಂದರೇನು ಎಂದು ಆಗ ಗೊತ್ತಾಯಿತು. ನಾನು ದಿನಾ ಮಲಗುವ ಮುಂಚೆ ಅವಳ ಹಲ್ಲು ಉಜ್ಜಿದೆ. ಯಾರ ಹುಟ್ಟುಹಬ್ಬದ ಚಾಕೊಲೇಟೇ ಬರಲಿ, ಊಟದ ಮೇಲೆ ತಿಂದು ಬಾಯಿ ಮುಕ್ಕಳಿಸಬೇಕು. ಉಳಿದ ಹಲ್ಲು ಒಂದೂ ಕೆಡಲಿಲ್ಲ.

ಅಕ್ಕ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದರು. ಬಿಂದುವಿನ ಕಿವಿಗೆ ಹಿಡಿದರೆ ಅವಳು "ಹಲೋ ಅತ್ತೆ, ಊಟ ಆಯ್ತು" ಎಂದು ಒಂದೇ ಉಸಿರಿಗೆ ಹೇಳಿ ನನಗೆ ವಾಪಸು ಕೊಡುತ್ತಿದ್ದಳು. "ಇರ್ಲಿ, ಆಡ್ಕಳ್ಳಿ" ಅನ್ನುತ್ತಿದ್ದರು ಅಕ್ಕ.

ಈ ವರ್ಷ ಸಂಕ್ರಾಂತಿಗೆ ನರಸೀಪುರಕ್ಕೆ ಹೋದೆವು. ಬಿಂದುವಿಗೆ ಏಳು ದಾಟಿತ್ತು. ಮೇಲೆ ಎರಡು ಹೊಸ ಹಲ್ಲು ಬಂದಿದ್ದವು. ಅಗಲ, ತುದಿ ಗರಗಸದ ಹಾಗೆ. ನನ್ನ ಗಂಡನಿಗೆ ಗೋದಾಮಿನಲ್ಲಿ ಲೋಡು ಬಂದಿದ್ದರಿಂದ ಅವರು ಬರಲಿಲ್ಲ. ಅಕ್ಕ ನಮ್ಮನ್ನು ಕಾಯುತ್ತಾ ಬೀದಿ ತುದಿಯವರೆಗೆ ಬಂದು ನಿಂತಿದ್ದರು. ಬಡಕಲಾಗಿದ್ದರು. ಬಿಂದುವನ್ನು ಮುಟ್ಟಲು ಹೋಗಲಿಲ್ಲ. "ಬಂದ್ಯವ್ವ" ಅಂದರು, ಅಷ್ಟೆ.

ಹಬ್ಬದ ಅಡುಗೆ ಆಗಿತ್ತು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ ಬೆರೆಸಿಟ್ಟಿದ್ದರು. ಸಕ್ಕರೆ ಅಚ್ಚು ಮಾತ್ರ ರೋಜಾಳ ಮನೆಯದು. ಊಟವಾದ ಮೇಲೆ ಅಕ್ಕ ಒಂದು ತಟ್ಟೆಯಲ್ಲಿ ಒಂದೇ ಒಂದು ಮೀನಿನ ಅಚ್ಚು, ಪಕ್ಕದಲ್ಲಿ ಒಂದು ಲೋಟ ನೀರು ತಂದು, ಬಿಂದುವಿನಿಂದ ಎರಡು ಮಾರು ದೂರದಲ್ಲಿ ನೆಲದ ಮೇಲಿಟ್ಟು ಹಿಂದಕ್ಕೆ ಸರಿದು ಕೂತರು. ಬಿಂದು ನನ್ನ ಮುಖ ನೋಡಿದಳು. ನಾನು ಹೂಂ ಅಂದೆ. ಅವಳು ಕಟಕಟ ಕಡಿದು ತಿಂದು, ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು, ನನ್ನ ಮುಂದೆ ಆ ಎಂದು ಬಾಯಿ ತೆರೆದಳು. ಅಕ್ಕ ಅಲ್ಲೇ ಕೂತಿದ್ದರು. ಕುತ್ತಿಗೆ ಚಾಚಿ ಇಣುಕಿದರು. ಹೊಸ ಹಲ್ಲನ್ನು ನೋಡಬೇಕೆಂಬ ಆಸೆ ಅವರ ಮುಖದಲ್ಲಿತ್ತು. ಬಿಂದು ತಟ್ಟನೆ ಬಾಯಿ ಮುಚ್ಚಿಕೊಂಡಳು.

ನನಗೆ ತಡೆಯಲಾಗಲಿಲ್ಲ.

"ಬಿಂದು, ಇಲ್ಲಿ ಕೂತ್ಕೋ. ಅವತ್ತು ಆಸ್ಪತ್ರೇಲಿ ನಿನ್ನನ್ನ ಹಿಡ್ಕೋಬೇಕಾಗಿದ್ದು ನಾನು. ನಾನು ಹೆದರಿ ಹೊರಗೆ ಹೋಗ್ಬಿಟ್ಟೆ. ಅದಕ್ಕೆ ಅತ್ತೆ ಹಿಡ್ಕೊಂಡ್ರು. ಹಲ್ಲು ಹಾಳಾಗಿದ್ದೂ ಅತ್ತೆಯೊಬ್ಬರಿಂದಲೇ ಅಲ್ಲ. ಮಲಗೋ ಮುಂಚೆ ನಿನ್ನ ಹಲ್ಲು ಉಜ್ಜಬೇಕಾಗಿದ್ದು ನಾನು. ಉಜ್ಜಲಿಲ್ಲ. ನಿನಗೆ ಸುಳ್ಳು ಹೇಳಿದ್ದೆ."

ಅವಳು ಕೇಳಿಸಿಕೊಂಡಳು. ಮುಖದಲ್ಲಿ ಏನೂ ಕಾಣಲಿಲ್ಲ. "ಹೂಂ" ಅಂದಳು. ಆಮೇಲೆ, "ನಾನು ರೋಜಾ ಆಂಟಿ ಮನೆಗೆ ಎಳ್ಳು ಕೊಟ್ಟು ಬರ್ಲಾ?" ಎಂದು ಕೇಳಿ ತಟ್ಟೆ ಹಿಡಿದು ಹೋದಳು.

ಅಕ್ಕ ನೆಲದಲ್ಲಿ ಬಿದ್ದಿದ್ದ ಸಕ್ಕರೆಯ ಪುಡಿಯನ್ನು ಅಂಗೈಯಿಂದ ಒತ್ತರಿಸಿದರು.

"ಯಾಕೆ ಏಳ್ದೆ ನಯನ?"

"ಹೇಳಬೇಕಾಗಿತ್ತು ಅಕ್ಕ. ಮೂರು ವರ್ಷದಿಂದ..."

"ನಂಗೇನಾಯ್ತಿತ್ತು? ನಾ ಇಲ್ಲಿರೋಳು. ವರ್ಸಕ್ಕೊಂದು ಸಲ ನೋಡ್ತೀನಿ, ಸಾಕು. ಆ ಮಗೀಗೆ ದಿನಾ ಬೇಕಾಗಿರೋಳು ನೀನು. ನನ್ ಮೇಲಿನ ನಂಬ್ಕೆ ಎಂಗೂ ಓಗಿತ್ತು. ನಿನ್ ಮೇಲಾದ್ರೂ ಪೂರಾ ಇರ್ಲಿ ಅಂತ ನಾ ಸುಮ್ಕಿದ್ದೆ."

ಆಗ ನನಗೆ ತಿಳಿಯಿತು. ಅಡುಗೆಮನೆಗೆ ನನ್ನ ಮಾತು ಕೇಳಿಸಿತ್ತೋ ಏನೋ, ಆದರೆ ಅವರಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಮೂರು ವರ್ಷ ಒಬ್ಬರೇ ಹೊತ್ತುಕೊಂಡಿದ್ದರು. ನಾನು ಅವರ ಕಾಲ ಹತ್ತಿರ ಕೂತು ಅತ್ತುಬಿಟ್ಟೆ. ಅವರು ನನ್ನ ಬೆನ್ನು ತಟ್ಟಲಿಲ್ಲ, ಬೈಯಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು, "ಬಸ್ಸಿಗೆ ಒತ್ತಾಯ್ತದೆ" ಎಂದು ನಮಗೆ ಕೊಡಲು ಕಬ್ಬಿನ ಜಲ್ಲೆಯನ್ನು ಕತ್ತರಿಸತೊಡಗಿದರು.

ಹೊರಡುವಾಗ ಬಿಂದು ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಾನು ಹೇಳಿಕೊಟ್ಟಿದ್ದೆ, ಹಾಗಾಗಿ ಮಾಡಿದಳು. ಅಕ್ಕ ಎರಡೂ ಕೈ ಗಾಳಿಯಲ್ಲೇ ಎತ್ತಿ ಹರಸಿದರು.

ಸುತ್ತೂರು ದಾಟಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದ ಬಿಂದು ಇದ್ದಕ್ಕಿದ್ದ ಹಾಗೆ ಕೇಳಿದಳು.

"ನೀನು ಯಾಕೆ ಹೊರಗೆ ಹೋದೆ?"

"ಭಯ ಆಯ್ತು ಕಂದ."

"ಅತ್ತೆಗೆ ಭಯ ಆಗ್ಲಿಲ್ವಾ?"

"ಆಗಿತ್ತು. ನನಗಿಂತ ಜಾಸ್ತಿ ಆಗಿತ್ತು ಅನ್ಸುತ್ತೆ."

ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು. ಏನನ್ನೋ ನೆನಪು ಮಾಡಿಕೊಳ್ಳಲು ನೋಡುತ್ತಿದ್ದಳು, ಅದು ಸಿಗುತ್ತಿರಲಿಲ್ಲ. ನಂಜನಗೂಡು ಬಂತು. ನಾನು ಮೊದಲು ಇಳಿದು, ಕೆಳಗೆ ನಿಂತು ಕೈ ಚಾಚಿದೆ. ಅವಳು ಬಾಗಿಲ ಕಂಬಿ ಹಿಡಿದುಕೊಂಡು ತಾನೇ ಇಳಿದಳು.